ಮೀನಿಗೊಂದು ಗುರುತುಬಿಲ್ಲೆ

ಕಾರಟಗಿಯ ಅಕ್ಕಿ ಗಿರಣಿಯೊಂದರಲ್ಲಿ ಭತ್ತದ ಚೀಲಗಳೆಷ್ಟಿವೆಯೆಂದು ಕೇಳಿದರೆ ಗುಮಾಸ್ತನು ಎಣಿಸಿ ಹೇಳಬಲ್ಲನು. ಆ ಭತ್ತಕ್ಕೆ ಎಡದಂಡೆ ಕಾಲುವೆಯ ಮೂಲಕ ನೀರೂಡುವ ತುಂಗಭದ್ರಾ ಜಲಾಶಯದಲ್ಲಿ ಮೀನುಗಳೆಷ್ಟಿವೆಯೆಂದು ಕೇಳಿದರೆ? ಇಲ್ಲಿ ಕಾಣದುದನ್ನು ಎಣಿಸಬೇಕಾಗಿದೆ.

ಇದಕ್ಕೊಂದು ಉಪಾಯವುಂಟು. ಒಂದು ಕೆರೆಯಿಂದ ೧೦೦ ಮೀನುಗಳನ್ನು ಹಿಡಿದು, ಬೆನ್ನಿನ ರೆಕ್ಕೆಯ ಬುಡಕ್ಕೆ ಅಂಕಿ ಬರೆದ ಚಿಕ್ಕ ಬಿಲ್ಲೆಗಳನ್ನು ಸಿಕ್ಕಿಸಿ ಮರಳಿ ಬಿಡೋಣ. ಕೆಲವು ದಿನಗಳ ತರುವಾಯ ೮೦ ಮೀನುಗಳನ್ನು ಹಿಡಿದಾಗ ಅವುಗಳಲ್ಲಿ ೪ಕ್ಕೆ ಬಿಲ್ಲೆಯಿತ್ತೆನ್ನೋಣ. ಅಂದರೆ ೨೦ ಮೀನುಗಳಿಗೆ ಒಂದು ಬಿಲ್ಲೆ. ಬಿಲ್ಲೆ ತೊಟ್ಟವು ೧೦೦ ಆದುದರಿಂದ ಕೆರೆಯಲ್ಲಿ ಸುಮಾರು ೨,೦೦೦ ಮೀನುಗಳಿರಬೇಕು. ಡೆನ್ಮಾರ್ಕಿನ ಪೀಟರ್ಸನ್ ಎಂಬ ಜೀವವಿಜ್ಞಾನಿಯು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸಮುದ್ರದ ಮೀನುಗಳಿಗೆ ಬಿಲ್ಲೆ ಕಟ್ಟಿ ಈ ದಾರಿಯನ್ನು ತೆರೆದನು. ಲೆಕ್ಕವೇನೋ ಸುಲಭ, ಷರತ್ತುಗಳು ಕಠಿನ. ಬಿಲ್ಲೆಯು ಉದುರಬಾರದು, ಅದರಿಂದ ಮೀನು ಸಾಯಬಾರದು. ಒಮ್ಮೆ ಗಾಳದ ರುಚಿ ಕಂಡ ಮೀನು ಮುಂದೆ ಗಾಳದಿಂದ ದೂರ ಸರಿದರೆ ಬಿಲ್ಲೆಯವು ಕಡಿಮೆ ಸಿಕ್ಕಿ, ಇಲ್ಲದ ಮೀನುಗಳು ಲೆಕ್ಕದಲ್ಲಿ ಹುಟ್ಟಿಕೊಳ್ಳುತ್ತವೆ!

ಎಣಿಕೆ ತಪ್ಪಿದರೆ ಆಗುವ ನಷ್ಟವೇನೆಂಬುದನ್ನು ನಮ್ಮ ಕಾವೇರಿಯೇ ತೋರಿಸಿದೆ. ಆ ನದಿಯ ಗೂನುಬೆನ್ನಿನ ಮಹಸೀರ್ ಮೀನು ಗಾಳ ಹಾಕುವ ವಿನೋದಪ್ರಿಯರಲ್ಲಿ ಜಗತ್ಪ್ರಸಿದ್ಧವಾದುದು. ೧೯೪೬ರಲ್ಲಿ ಅದರ ಉಪನದಿ ಕಬಿನಿಯಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಹಿಡಿದ ಮಹಸೀರು ೧೨೦ ಪೌಂಡು, ಎಂದರೆ ಸುಮಾರು ೫೪ ಕಿಲೋಗ್ರಾಂ ತೂಗಿತು. ಮುಂದೆ ಗಾಳಿಬೋರೆಯಂತಹ ಶಿಬಿರಗಳಲ್ಲಿ ಹಿಡಿದ ಮೀನನ್ನು ತೂಗಿ, ಪುಸ್ತಕದಲ್ಲಿ ಬರೆದು, ನೀರಿಗೇ ಬಿಡುವ ಪದ್ಧತಿ ಬಂದಿತು. ೧೯೯೮ರಿಂದ ೨೦೧೨ರವರೆಗಿನ ಈ ಪುಸ್ತಕಗಳನ್ನು ವಿಜ್ಞಾನಿಗಳು ಪರಿಶೀಲಿಸಿ ೨೦೧೫ರಲ್ಲಿ ಪ್ರಕಟಿಸಿದ ಫಲವು ವಿಚಿತ್ರವಾಗಿತ್ತು. ಸಿಕ್ಕುವ ಮೀನುಗಳ ಸಂಖ್ಯೆ ಏರಿತ್ತು; ಸರಾಸರಿ ತೂಕ ಇಳಿದಿತ್ತು. ಏರಿದುದು ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಸೀರು; ಕಾವೇರಿಯದೇ ಆದ ಗೂನುಬೆನ್ನಿನದು ಕಣ್ಮರೆಯಾಗುತ್ತಲಿತ್ತು. ಬರಿಯ ಮೊತ್ತವನ್ನು ನೋಡಿದವರು ನದಿ ಸಮೃದ್ಧವೆಂದೇ ನಂಬುತ್ತಿದ್ದರು. ೨೦೧೮ರಲ್ಲಿ ಆ ಮೀನು ‘ಟಾರ್ ರೆಮಾದೇವಿಯೈ’ ಎಂಬ ಪ್ರಭೇದವೆಂದು ಖಚಿತವಾಯಿತು. ಅದೇ ವರ್ಷ ಅಳಿವಿನ ತೀವ್ರ ಅಂಚಿನಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಯನ್ನೂ ಸೇರಿತು. ಶತಮಾನಕ್ಕೂ ಮಿಕ್ಕಿ ಕೀರ್ತಿ ಪಡೆದ ಮೀನಿಗೆ ಹೆಸರು ನಿಶ್ಚಯವಾದುದು ಇಷ್ಟು ತಡವಾಗಿ!

ಪುಸ್ತಕಕ್ಕೆ ಇನ್ನೊಂದು ಕೊರತೆಯಿದೆ. ಒಂದೇ ಮೀನು ಐದು ಸಲ ಗಾಳಕ್ಕೆ ಬಿದ್ದರೆ ಅಲ್ಲಿ ಐದು ಮೀನುಗಳಾಗುತ್ತವೆ. ಬಿಲ್ಲೆಯಿದ್ದರೆ ಈ ಭ್ರಮೆಗೆ ಎಡೆಯಿಲ್ಲ. ಈಗ ಭತ್ತದ ಕಾಳಿನಷ್ಟೇ ಗಾತ್ರದ ಗಾಜಿನ ಗುಳಿಗೆಗಳು ಬಂದಿವೆ. ಅವನ್ನು ಸೂಜಿಯಿಂದ ಮೀನಿನ ಮೈಯೊಳಗೆ ಸೇರಿಸುತ್ತಾರೆ. ಗುಳಿಗೆಯಲ್ಲಿ ವಿದ್ಯುತ್ಕೋಶವಿಲ್ಲ; ಸಣ್ಣದೊಂದು ತಂತಿಸುರುಳಿಯುಂಟು. ಓದುವ ಯಂತ್ರವನ್ನು ಹತ್ತಿರ ಹಿಡಿದಾಗ ಅದರ ಕಾಂತಕ್ಷೇತ್ರದಿಂದಲೇ ಶಕ್ತಿ ಪಡೆದು ಗುಳಿಗೆಯು ತನ್ನ ಸಂಖ್ಯೆಯನ್ನು ತಿಳಿಸುತ್ತದೆ. ವಿದ್ಯುತ್ಕೋಶವಿಲ್ಲದ್ದರಿಂದ ವರ್ಷಗಟ್ಟಲೆ ಬಾಳುತ್ತದೆ. ಮೀನು ಎಲ್ಲಿಗೆ ಹೋಗುತ್ತದೆಂಬುದನ್ನು ಅರಿಯಲು ಮಾತ್ರ ರೇಡಿಯೊ ಬಿಲ್ಲೆಯೇ ಬೇಕು. ಭೂತಾನದಲ್ಲಿ ಬಂಗಾರದ ಮಹಸೀರುಗಳ ವಲಸೆಯನ್ನು ಹೀಗೆಯೇ ಹಿಂಬಾಲಿಸಿದ್ದಾರೆ.

ಗಾಳ ಹಾಕಿದವನು ಮೀನನ್ನು ಬಿಟ್ಟೊಡನೆ ಅದು ಬದುಕಿತೆಂದು ತಿಳಿಯುವುದೂ ಸಲ್ಲದು. ಕಾವೇರಿಯ ನೀಲಿ ರೆಕ್ಕೆಯ ಮಹಸೀರುಗಳ ರಕ್ತವನ್ನೂ ಚಲನವಲನವನ್ನೂ ಪರೀಕ್ಷಿಸಿದವರಿಗೆ, ಬಹು ಹೊತ್ತು ಸೆಣಸಿದ ದೊಡ್ಡ ಮೀನುಗಳೇ ಹೆಚ್ಚು ಬಳಲುವುದು ಕಂಡುಬಂದಿತು. ಮರಿಗಳ ಮುಂದಿನ ಪೀಳಿಗೆಯನ್ನು ಕೊಡತಕ್ಕವೂ ಈ ದೊಡ್ಡವೇ.

ಗೂನುಬೆನ್ನಿನ ಮಹಸೀರು ಬಂಡೀಪುರದ ಅಂಚಿನ ಮೋಯಾರ್ ನದಿಯಲ್ಲಿ ಇನ್ನೂ ಕಾಣಸಿಕ್ಕಿದೆ. ಅದು ಎಲ್ಲಿ ಮೊಟ್ಟೆಯಿಡುತ್ತದೆಂದು ತಿಳಿಯಲು ಬಿಲ್ಲೆ ತೊಡಿಸಬೇಕು, ತೊಡಿಸಲು ಹಿಡಿಯಬೇಕು. ಉಳಿದಿರುವುದೇ ಕೆಲವಾದಾಗ ಹಿಡಿಯುವುದೂ ಅಪಾಯವೇ. ಆದುದರಿಂದ ಕೈಯನ್ನು ಮೊದಲು ನೀಲಿ ರೆಕ್ಕೆಯ ಮೀನಿನ ಮೇಲೆಯೇ ಪಳಗಿಸಿಕೊಳ್ಳುವುದು ಲೇಸೆಂದು ನಮಗೆ ತೋರುತ್ತದೆ.