ಹಳೇ ಬ್ಯಾಕಪ್ ಹೊಸ ಟ್ಯಾಲಿಗೆ ಯಾಕೆ ತಿಳಿಯುವುದಿಲ್ಲ?

ನೇಸರಗಿಯ ಗೊಬ್ಬರ-ಬೀಜದ ಅಂಗಡಿಯೊಂದರಲ್ಲಿ ಅಣ್ಣತಮ್ಮಂದಿರ ನಡುವೆ ವಾಟ್ನಿಯ, ಅಂದರೆ ಆಸ್ತಿ ಪಾಲಿನ, ಮಾತು ಎದ್ದಿದೆ ಎಂದಿಟ್ಟುಕೊಳ್ಳಿ. ಅಪ್ಪನ ಕಾಲದಲ್ಲಿ ಯಾರು ಎಷ್ಟು ಬಂಡವಾಳ ಹಾಕಿದ್ದರು ಎಂಬುದು 2006ರ ಲೆಕ್ಕದಲ್ಲಿದೆ, ಆ ಲೆಕ್ಕ ಒಂದು ಸಿಡಿಯಲ್ಲಿದೆ. ಸಿಡಿ ಹಾಕುವ ಜಾಗವಿರುವ ಕಂಪ್ಯೂಟರು ಬೈಲಹೊಂಗಲಕ್ಕೆ ಹೋದರೆ ಸಿಕ್ಕೀತು. ಫೈಲುಗಳೂ ಕೆಟ್ಟಿಲ್ಲ. ಆದರೆ ಅಂಗಡಿಯ ಈಗಿನ ಟ್ಯಾಲಿಪ್ರೈಮಿನಲ್ಲಿ 'ರಿಸ್ಟೋರ್' ಒತ್ತಿದರೆ ಕಂಪನಿಯ ಹೆಸರೇ ಬರುವುದಿಲ್ಲ. ಎಲ್ಲರೂ ಸಿಡಿಯನ್ನೇ ಬಯ್ಯುತ್ತಾರೆ. ಸಿಡಿಯದು ಏನೂ ತಪ್ಪಿಲ್ಲ.

ಟ್ಯಾಲಿ ನಮ್ಮ ಬೆಂಗಳೂರಿನದೇ ಸರಕು. ಗಿರಣಿ, ಕಾರ್ಖಾನೆಗಳಿಗೆ ಕಚ್ಚಾಮಾಲು ಮತ್ತು ಯಂತ್ರದ ಬಿಡಿಭಾಗ ಪೂರೈಸುತ್ತಿದ್ದ ಶ್ಯಾಮಸುಂದರ ಗೋಯೆಂಕಾ ಅವರಿಗೆ ತಮ್ಮ ಲೆಕ್ಕಕ್ಕೆ ಒಗ್ಗುವ ತಂತ್ರಾಂಶ ಎಲ್ಲೂ ಸಿಗಲಿಲ್ಲ. ಗಣಿತ ಓದಿದ್ದ ಮಗ ಭರತ್ ಬರೆದುಕೊಟ್ಟರು. 1986ರಲ್ಲಿ ಪ್ಯೂಟ್ರಾನಿಕ್ಸ್ ಎಂಬ ಹೆಸರಿನಲ್ಲಿ ಶುರುವಾದ ಕಂಪನಿ 1999ರಲ್ಲಿ ಟ್ಯಾಲಿ ಸಲ್ಯೂಷನ್ಸ್ ಆಯಿತು. ಡಾಸ್ ಕಾಲದ ಕಪ್ಪು ಪರದೆಯಿಂದ ಹೊರಟು 4.5, 5.4, 6.3, 2005ರಲ್ಲಿ 7.2, 2009ರಲ್ಲಿ ಇಆರ್‌ಪಿ 9, 2020ರ ನವೆಂಬರಿನಲ್ಲಿ ಟ್ಯಾಲಿಪ್ರೈಮ್ ಎಂದು ಅದು ಬೆಳೆದಿದೆ. ಅಡತಿ ಅಂಗಡಿಯ ಗುಮಾಸ್ತರಿಗೆ ಇವೆಲ್ಲ ಒಂದೇ 'ಟ್ಯಾಲಿ'. ಒಳಗೆ ನೋಡಿದರೆ ಹಾಗಿಲ್ಲ.

ಕಿರ್ದಿಯಲ್ಲಿ ಬರೆದ ಸಾಲು ತನ್ನ ಅರ್ಥವನ್ನು ತಾನೇ ಹೊತ್ತಿರುತ್ತದೆ: ತಾರೀಖು, ಹೆಸರು, ಬಾಬತ್ತು, ಮೊತ್ತ. ತಂತ್ರಾಂಶ ಹಾಗೆ ಬರೆಯುವುದಿಲ್ಲ. ಅದು ಪ್ರತಿ ಖಾತೆಗೂ ಒಳಗೊಳಗೇ ಒಂದು ಸಂಖ್ಯೆ ಕೊಟ್ಟಿರುತ್ತದೆ. ವೋಚರಿನಲ್ಲಿ ಇರುವುದು ಆ ಸಂಖ್ಯೆ, ಸವದತ್ತಿಯ ಗಿರಾಕಿಯ ಹೆಸರಲ್ಲ. ಹೆಸರು ಬೇರೆ ಕಡತದಲ್ಲಿ ಇರುತ್ತದೆ. ಹಳೆಯ ಟ್ಯಾಲಿಯ ಡೇಟಾ ಫೋಲ್ಡರ್ ತೆರೆದವರು ಮ್ಯಾನೇಜರ್.500, ಟ್ರಾನ್‌ಎಂಜಿಆರ್.500 ಎಂಬ ಫೈಲುಗಳನ್ನು ನೋಡಿರುತ್ತಾರೆ. ಖಾತೆಗಳ ಹೆಸರು ಮೊದಲನೆಯದರಲ್ಲಿ, ವ್ಯವಹಾರ ಎರಡನೆಯದರಲ್ಲಿ. ದೊಡ್ಡದಾಗಿ ಕಂಡ ಒಂದೇ ಫೈಲನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಬಂದರೆ ಸಂಖ್ಯೆಗಳು ಸಿಗುತ್ತವೆ, ಅವು ಯಾರವು ಎಂದು ಹೇಳುವವರಿರುವುದಿಲ್ಲ.

ಇನ್ನು ಒಂದೊಂದು ದಾಖಲೆಯಲ್ಲಿ ಎಷ್ಟನೆಯ ಜಾಗದಿಂದ ಎಷ್ಟನೆಯ ಜಾಗದವರೆಗೆ ತಾರೀಖು, ಎಲ್ಲಿಂದ ಮೊತ್ತ ಎಂಬ ಒಪ್ಪಂದ ಫೈಲಿನಲ್ಲಿ ಬರೆದಿಟ್ಟದ್ದಲ್ಲ. ಅದು ಆ ಆವೃತ್ತಿಯ ತಂತ್ರಾಂಶದೊಳಗೇ ಇರುವ ತಿಳಿವಳಿಕೆ. ಹಾಗಾಗಿ ಬ್ಯಾಕಪ್ ಅಂದರೆ ಅರ್ಧ ಲೆಕ್ಕ ಮಾತ್ರ. ಉಳಿದರ್ಧ ಅದನ್ನು ಓದಬಲ್ಲ ಪ್ರೋಗ್ರಾಮು.

ಬೆಳಗಾವಿ ಸೀಮೆಗೆ ಇದು ಹೊಸ ಸಂಕಟವೇನಲ್ಲ. ಮುಂಬಯಿ ಪ್ರಾಂತದ ಕಾಲಕ್ಕೆ ಇಲ್ಲಿನ ಎಷ್ಟೋ ಜಮೀನು ದಾಖಲೆ, ವ್ಯಾಪಾರದ ವಹಿಗಳು ಮೋಡಿ ಲಿಪಿಯಲ್ಲಿದ್ದವು. ಕಾಗದ ಇಂದಿಗೂ ಗಟ್ಟಿಯಾಗಿದೆ, ಮಸಿ ಮಾಸಿಲ್ಲ, ಓದುವವರು ಮಾತ್ರ ಬೆರಳೆಣಿಕೆಯಷ್ಟು. ಮೋಡಿ ಓದುವವರು ಕಡಿಮೆಯಾಗಲು ಎರಡು ತಲೆಮಾರು ಹಿಡಿಯಿತು. ಟ್ಯಾಲಿಯ ಹಳೆಯ ಆವೃತ್ತಿಗಳಿಗೆ ಅಷ್ಟು ಕಾಲವೂ ಬೇಕಾಗಲಿಲ್ಲ.

ಕಂಪನಿಯವರು ಬೇಕೆಂದೇ ಬದಲಾಯಿಸುತ್ತಾರೆ ಎಂಬ ಗೊಣಗಾಟ ಉಂಟು. ಸ್ವಲ್ಪ ಮಟ್ಟಿಗೆ ಅದು ನಿಜವಿದ್ದೀತು, ಆದರೆ ದೊಡ್ಡ ಬದಲಾವಣೆಗಳ ಹಿಂದೆ ತೆರಿಗೆ ಇದೆ. ಕರ್ನಾಟಕದಲ್ಲಿ ವ್ಯಾಟ್ ಬಂದದ್ದು 2005ರ ಏಪ್ರಿಲ್ 1ರಂದು. ಆಗ ವ್ಯಾಪಾರಿಗೆ 11 ಅಂಕಿಯ ಟಿನ್ ಸಂಖ್ಯೆ. 2017ರ ಜುಲೈ 1ರಿಂದ ಜಿಎಸ್‌ಟಿ, 15 ಅಕ್ಷರಗಳ ಸಂಖ್ಯೆ: ಮೊದಲಿಗೆ ಕರ್ನಾಟಕದ 29, ಆಮೇಲೆ ಪ್ಯಾನ್, ಉಳಿದದ್ದು ಆಮೇಲೆ. ಜತೆಗೆ ಪ್ರತಿ ಸರಕಿಗೂ ಎಚ್‌ಎಸ್‌ಎನ್ ಕೋಡು, ರಾಜ್ಯದ ತೆರಿಗೆ ಬೇರೆ, ಕೇಂದ್ರದ್ದು ಬೇರೆ. 2006ರ ದಾಖಲೆಯಲ್ಲಿ ಇವಕ್ಕೆ ಜಾಗವೇ ಇರಲಿಲ್ಲ. ಜಾಗ ಮಾಡಬೇಕಾದರೆ ದಾಖಲೆಯ ಅಚ್ಚನ್ನೇ ಬದಲಿಸಬೇಕು. ಫೈಲಿನ ಬಾಲದ .500 ಹೋಗಿ .900 ಬಂದದ್ದೂ ಅಚ್ಚು ಬದಲಾದದ್ದರ ಗುರುತು.

ಅಚ್ಚು ಬದಲಾದಾಗ ಮೈಗ್ರೇಶನ್ ಎಂಬ ಕೆಲಸ ಬೇಕಾಗುತ್ತದೆ. ಹಳೆಯ ದಾಖಲೆಯನ್ನು ಒಂದೊಂದಾಗಿ ಓದಿ, ಹೊಸ ಅಚ್ಚಿನಲ್ಲಿ ಬರೆದು, ಹಿಂದೆ ಇಲ್ಲದಿದ್ದ ಮನೆಗಳನ್ನು ಖಾಲಿ ಬಿಡುವುದು ಅಥವಾ ರೂಢಿಯ ಬೆಲೆಯಿಂದ ತುಂಬುವುದು. ಇದು ಮುಂದಕ್ಕಷ್ಟೇ ಹೋಗುತ್ತದೆ. ಹಿಂದಕ್ಕೆ ಬರಬೇಕೆಂದರೆ ಜಿಎಸ್‌ಟಿಯ ವಿವರವನ್ನು ಇಡಲು 7.2ರಲ್ಲಿ ಮನೆಯೇ ಇಲ್ಲ. ಅದಕ್ಕೇ ಏನು ಮಾಡುವುದಿದ್ದರೂ ನಕಲಿನ ಮೇಲೆ ಮಾಡಬೇಕು. ಮೂಲ ಸಿಡಿಯನ್ನೋ ಫೋಲ್ಡರನ್ನೋ ಮುಟ್ಟಬಾರದು.

ವಾಟ್ನಿಯ ಅಂಗಡಿಯ ಸಿಡಿ 7.2ರ ಕಾಲದ್ದಾದರೆ ದಾರಿ ಹೀಗೆ. 7.2ರ ಬ್ಯಾಕಪ್ಪನ್ನು ಮೊದಲು 7.2ರಲ್ಲೇ ರಿಸ್ಟೋರ್ ಮಾಡಬೇಕು. ಬಹಳ ಜನ ಎಡವುವುದು ಇಲ್ಲೇ, ಯಾಕೆಂದರೆ ಮೈಗ್ರೇಶನ್ ಉಪಕರಣ ಕೇಳುವುದು ಬಿಚ್ಚಿದ ಡೇಟಾ ಫೋಲ್ಡರನ್ನು, ಕಟ್ಟಿಟ್ಟ ಬ್ಯಾಕಪ್ಪನ್ನಲ್ಲ. ಆಮೇಲೆ ಇಆರ್‌ಪಿ 9ರ ಜತೆ ಬರುತ್ತಿದ್ದ ಮೈಗ್ರೇಶನ್ ಉಪಕರಣದಿಂದ 9ಕ್ಕೆ, ಅಲ್ಲಿಂದ ಟ್ಯಾಲಿಪ್ರೈಮಿಗೆ. 4.5ರ ಕಾಲದ್ದಾದರೆ ಮೆಟ್ಟಿಲು ಇನ್ನೂ ಹೆಚ್ಚು. ಹಳೆಯ ಪ್ರೋಗ್ರಾಮು ಈಗಿನ ಕಂಪ್ಯೂಟರಿನಲ್ಲಿ ಏಳುತ್ತದೋ ಇಲ್ಲವೋ ಎಂಬುದು ಮತ್ತೊಂದು ತಕರಾರು. 64 ಬಿಟ್ ವಿಂಡೋಸ್ 16 ಬಿಟ್ ಪ್ರೋಗ್ರಾಮುಗಳನ್ನು ಸುತಾರಾಂ ನಡೆಸುವುದಿಲ್ಲ. ಕಂಪ್ಯೂಟರಿನೊಳಗೇ ಹಳೇ ವಿಂಡೋಸ್ ನಡೆಸುವ ವರ್ಚುವಲ್ ಮಷೀನ್ ಹಾಕಿಕೊಳ್ಳಬಹುದು. ಅಟ್ಟದ ಮೇಲಿನ ಹಳೇ ಡಬ್ಬಿ ಇನ್ನೂ ಚಾಲೂ ಇದ್ದರೆ ಅದರಂಥ ಭಾಗ್ಯ ಬೇರಿಲ್ಲ. ಗುಜರಿಗೆ ಹಾಕುವ ಮುನ್ನ ಇದನ್ನು ಯಾರೂ ಯೋಚಿಸುವುದಿಲ್ಲ.

ಡೇಟಾ ತೆರೆದುಕೊಂಡಿತು ಎಂದ ಕೂಡಲೇ ಕೆಲಸ ಮುಗಿಯಲಿಲ್ಲ. ಹಳೆಯದರಲ್ಲಿ ಒಮ್ಮೆ, ಹೊಸದರಲ್ಲಿ ಒಮ್ಮೆ ತಾಳೆಪಟ್ಟಿ ತೆಗೆದು ಪಕ್ಕಪಕ್ಕ ಇಟ್ಟು ನೋಡಬೇಕು. ಟ್ಯಾಲಿಯಲ್ಲಿ 'ಸ್ಟ್ಯಾಟಿಸ್ಟಿಕ್ಸ್' ಎಂಬ ವರದಿಯಿದೆ, ಖಾತೆಗಳೆಷ್ಟು, ವೋಚರುಗಳೆಷ್ಟು ಎಂದು ಎಣಿಸಿ ಕೊಡುತ್ತದೆ. ಎರಡೂ ಕಡೆ ಒಂದೇ ಇರಬೇಕು. ನನ್ನ ಅನುಮಾನ ಅಲ್ಲಿಗೂ ನಿಲ್ಲುವುದಿಲ್ಲ. ತಾಳೆಪಟ್ಟಿ ನೋಡುವುದು ಖಾತೆಯ ಒಟ್ಟು ಬಾಕಿಯನ್ನು. ಯಾವ ಬಿಲ್ಲಿನ ಬಾಕಿ ಎಷ್ಟು ಎಂಬ ಕೊಂಡಿ ಕಳಚಿದ್ದರೂ ಅದು ತಾಳೆಯಾಗಿಯೇ ತೀರುತ್ತದೆ. ಹೆಚ್ಚು ಉದ್ರಿ ಇರುವ ಒಂದೆರಡು ಗಿರಾಕಿಗಳ ಬಿಲ್ಲುವಾರು ಬಾಕಿ, ವರ್ಷಾಂತ್ಯದ ಗೋದಾಮಿನ ದಾಸ್ತಾನು ಇವನ್ನು ಬೇರೆಯಾಗಿಯೇ ನೋಡಬೇಕು.

ಅಂಕಿ ತಪ್ಪಿದರೆ ಬಹಳ ಸಲ ಅಪರಾಧಿ ಮೈಗ್ರೇಶನ್ ಅಲ್ಲ, ಕರೆಂಟು. ವೋಚರ್ ಬರೆಯುವ ಹೊತ್ತಿಗೆ ಕರೆಂಟು ಹೋದರೆ ಎರಡು ಫೈಲುಗಳಲ್ಲಿ ಒಂದು ಬರೆದು, ಇನ್ನೊಂದು ಉಳಿದು ಕೊಂಡಿ ತಪ್ಪುತ್ತದೆ. ಇದಕ್ಕೆ ಇಆರ್‌ಪಿ 9ರಲ್ಲಿ ಕಂಟ್ರೋಲ್-ಆಲ್ಟ್-ಆರ್ ಒತ್ತಿ ಮಾಡುವ 'ರೀರೈಟ್' ಇದೆ. ಎಲ್ಲ ದಾಖಲೆಗಳನ್ನೂ ಮತ್ತೆ ಓದಿ ಹೊಸದಾಗಿ ಹೆಣೆಯುತ್ತದೆ. ಓದಲಾಗದ್ದನ್ನು ಬಿಟ್ಟು ಮುಂದೆ ಹೋಗಲೂಬಹುದು, ಆದ್ದರಿಂದ ಅದಕ್ಕೂ ಮುಂಚೆ ನಕಲು ಇರಲಿ. ರೀರೈಟಿಗೂ ಬಗ್ಗದ್ದು ಡೇಟಾಕ್ಕೆ ಬೀಗ ಹಾಕುವ ಟ್ಯಾಲಿವಾಲ್ಟಿನ ಪಾಸ್‌ವರ್ಡು. ಅದು ಮರೆತರೆ ಕಂಪನಿಯವರೂ ತೆಗೆದುಕೊಡಲಾರರು, ಡೇಟಾ ಗೂಢಲಿಪಿಯಾಗಿಯೇ ಉಳಿಯುತ್ತದೆ.

ಇಷ್ಟು ಹಳೆಯದು ಕಾನೂನಿಗೆ ಬೇಕಿಲ್ಲ. ಜಿಎಸ್‌ಟಿಯಲ್ಲಿ ವಾರ್ಷಿಕ ರಿಟರ್ನಿನ ಗಡುವಿನಿಂದ 72 ತಿಂಗಳು, ನೋಂದಾಯಿತ ಕಂಪನಿಗಳಿಗೆ 8 ಹಣಕಾಸು ವರ್ಷ ಲೆಕ್ಕಪತ್ರ ಇಟ್ಟುಕೊಂಡರೆ ಸಾಕು. ಆದರೆ ವಾಟ್ನಿ, ಪಾಲುದಾರಿಕೆ, ಬ್ಯಾಂಕಿನ ಹಳೇ ಸಾಲದ ತಂಟೆಗಳು ತೆರಿಗೆ ಕಾನೂನಿನ ಗಡುವು ನೋಡಿ ಬರುವುದಿಲ್ಲ. ಆವೃತ್ತಿ ಬದಲಿಸುವ ವರ್ಷ ತಾಳೆಪಟ್ಟಿ, ಬಂಡವಾಳ ಖಾತೆ, ಮುಖ್ಯ ಖಾತೆಗಳನ್ನು ಪಿಡಿಎಫ್ ಮಾಡಿ, ಒಂದು ಪ್ರತಿ ಕಾಗದದ ಮೇಲೂ ತೆಗೆದಿಟ್ಟುಬಿಡಿ. ಇಡೀ ವೋಚರುಗಳು ಬೇಕೆಂದರೆ ಟ್ಯಾಲಿಯಿಂದಲೇ ಎಕ್ಸ್‌ಎಂಎಲ್ ರೂಪದಲ್ಲಿ ಹೊರತೆಗೆಯಬಹುದು. ಅದು ಸಾದಾ ಅಕ್ಷರದ ಫೈಲು, ನೋಟ್‌ಪ್ಯಾಡಿನಲ್ಲೂ ತೆರೆಯುತ್ತದೆ, ಒಳಗೆ ಗಿರಾಕಿಯ ಹೆಸರು ಹೆಸರಾಗಿಯೇ ಇರುತ್ತದೆ.