ಸಲ್ಫೇಟ್ ಉಸಿರಾಡುವವರ ಜಮಾಖರ್ಚು

ಜೀವಕೋಶದ ಶಕ್ತಿಯ ನಾಣ್ಯವಾದ ಎಟಿಪಿಯನ್ನು ಎರಡು ಗಳಿಸಿ, ಆ ಎರಡನ್ನೂ ಖರ್ಚು ಮಾಡಿಬಿಡುವ ಜೀವಿ ಬದುಕುವುದಾದರೂ ಹೇಗೆ? ಸಲ್ಫೇಟ್ ಉಸಿರಾಡುವ ಬ್ಯಾಕ್ಟೀರಿಯಾಗಳ ವಿಷಯದಲ್ಲಿ ಈ ಪ್ರಶ್ನೆ ಜೀವರಸಾಯನ ವಿಜ್ಞಾನಿಗಳನ್ನು ದಶಕಗಟ್ಟಲೆ ಕಾಡಿತು. ಉತ್ತರದ ದೊಡ್ಡ ಪಾಲು ಸಿಕ್ಕಿದ್ದು ಅವುಗಳ ವಂಶವಾಹಿಗಳನ್ನು ಒಂದೊಂದಾಗಿ ಕತ್ತರಿಸಿ ತೆಗೆದು ನೋಡಿದಾಗ.

ಇವು ಅಪರೂಪದ ಜೀವಿಗಳೇನಲ್ಲ. ನಮ್ಮ ಕರಾವಳಿಯ ಅಳಿವೆಗಳಲ್ಲಿ ಇಳಿತದ ಹೊತ್ತಿಗೆ ಕಾಂಡ್ಲಾ ಗಿಡಗಳ ಬುಡದ ಕೆಸರನ್ನು ಕೆದಕಿದರೆ ಕಂದು ಪದರದಡಿಯಲ್ಲಿ ಕಪ್ಪು ಪದರ ಕಾಣುತ್ತದೆ, ಕೊಳೆತ ಮೊಟ್ಟೆಯ ನಾತ ಮೂಗಿಗೆ ಬಡಿಯುತ್ತದೆ. ನಾತ ಹೈಡ್ರೋಜನ್ ಸಲ್ಫೈಡ್ ಅನಿಲದ್ದು, ಕಪ್ಪು ಕಬ್ಬಿಣದ ಸಲ್ಫೈಡಿನದು. ಎರಡೂ ಇವುಗಳ ಉಸಿರಾಟದ ಫಲ. ನಾವು ಆಹಾರದಿಂದ ಬಿಡಿಸಿಕೊಂಡ ಎಲೆಕ್ಟ್ರಾನ್‌ಗಳನ್ನು ಕೊನೆಗೆ ಆಮ್ಲಜನಕಕ್ಕೆ ಒಪ್ಪಿಸುತ್ತೇವೆ, ಇವು ಸಲ್ಫೇಟಿಗೆ ಒಪ್ಪಿಸುತ್ತವೆ. ಎಂಟು ಎಲೆಕ್ಟ್ರಾನ್ ಪಡೆದ ಸಲ್ಫೇಟ್ ಸಲ್ಫೈಡ್ ಆಗುತ್ತದೆ. 1895ರಲ್ಲಿ ಹಾಲೆಂಡಿನ ಡೆಲ್ಫ್ಟ್‌ನಲ್ಲಿ ಮಾರ್ಟಿನಸ್ ಬೈಜರಿಂಕ್ ಈ ಬಗೆಯ ಮೊದಲ ಬ್ಯಾಕ್ಟೀರಿಯಾವನ್ನು ಗುರುತಿಸಿದರು. ಕರಾವಳಿಯ ಸಮುದ್ರತಳದಲ್ಲಿ ಕೊಳೆಯುವ ಸಾವಯವ ವಸ್ತುವಿನ ಅರ್ಧದಷ್ಟನ್ನು ಕರಗಿಸುವವು ಇವೇ.

ತೊಡಕು ಇರುವುದು ಸಲ್ಫೇಟಿನಲ್ಲಿ. ಅದು ತಾನಾಗಿ ಎಲೆಕ್ಟ್ರಾನ್ ಸ್ವೀಕರಿಸುವುದಿಲ್ಲ. ಜೀವಕೋಶ ಮೊದಲು ಒಂದು ಎಟಿಪಿಯನ್ನು ಮುರಿದು ಅದರ ತುಣುಕನ್ನು ಸಲ್ಫೇಟಿಗೆ ಜೋಡಿಸಬೇಕು. ಹೀಗೆ ಆಗುವ ಎಪಿಎಸ್ ಎಂಬ ಅಣು ಎಲೆಕ್ಟ್ರಾನ್‌ಗೆ ಒಗ್ಗುತ್ತದೆ. ಆದರೆ ಇಲ್ಲಿ ಎಟಿಪಿಯ ಎರಡು ಫಾಸ್ಫೇಟ್‌ಗಳು ಒಟ್ಟಿಗೇ ಕಳಚುವುದರಿಂದ ಲೆಕ್ಕಕ್ಕೆ ಎರಡು ಎಟಿಪಿ ಖರ್ಚಾದಂತೆ. ಬ್ಯಾಕ್ಟೀರಿಯಾ ತಿನ್ನುವುದು ಲ್ಯಾಕ್ಟೇಟ್ ಎಂದಿಟ್ಟುಕೊಳ್ಳಿ. ಒಂದು ಸಲ್ಫೇಟಿಗೆ ಬೇಕಾದ ಎಂಟು ಎಲೆಕ್ಟ್ರಾನ್‌ಗಳಿಗೆ ಎರಡು ಲ್ಯಾಕ್ಟೇಟ್ ಬೇಕು, ಅವು ಅಸಿಟೇಟ್ ಆಗುವಾಗ ನೇರವಾಗಿ ಸಿಗುವುದು ಎರಡೇ ಎಟಿಪಿ. ಜಮಾ ಎರಡು, ಖರ್ಚು ಎರಡು, ಉಳಿತಾಯ ಸೊನ್ನೆ. ಆದರೂ ಅದು ಬೆಳೆಯುತ್ತದೆ.

ಹಾಗಾದರೆ ಬೇರೆಲ್ಲೋ ಆದಾಯವಿರಲೇಬೇಕು. ಅದರ ಸುಳಿವು 1954ರಲ್ಲೇ ಸಿಕ್ಕಿತ್ತು. ಸೈಟೋಕ್ರೋಮ್‌ಗಳು ಆಮ್ಲಜನಕ ಉಸಿರಾಡುವವರ ಸೊತ್ತು ಎಂಬ ನಂಬಿಕೆಯಿದ್ದ ಕಾಲದಲ್ಲಿ ಬ್ರಿಟನ್ನಿನ ಜಾನ್ ಪೋಸ್ಟ್‌ಗೇಟ್ ಮತ್ತು ಜಪಾನಿನ ಇಶಿಮೊಟೊ ಬೇರೆ ಬೇರೆಯಾಗಿಯೇ ಇವುಗಳಲ್ಲಿ ಸೈಟೋಕ್ರೋಮ್ ಸಿ3 ಎಂಬ ಪ್ರೋಟೀನನ್ನು ಕಂಡರು. ನಾಲ್ಕು ಹೀಮ್‌ಗಳುಳ್ಳ, ಎಲೆಕ್ಟ್ರಾನ್ ಹೊರುವ ಪುಟ್ಟ ಪ್ರೋಟೀನ್ ಅದು. 1981ರಲ್ಲಿ ಓಡಮ್ ಮತ್ತು ಪೆಕ್ ಒಂದು ಸೊಗಸಾದ ಊಹೆ ಮುಂದಿಟ್ಟರು: ಜೀವಕೋಶ ಒಳಗೆ ಜಲಜನಕ ಉತ್ಪಾದಿಸುತ್ತದೆ, ಅದು ಪೊರೆ ದಾಟಿ ಹೊರಬರುತ್ತದೆ. ಹೊರಗಿರುವ ಹೈಡ್ರೋಜಿನೇಸ್ ಕಿಣ್ವ ಅದನ್ನು ಒಡೆಯುತ್ತದೆ. ಎಲೆಕ್ಟ್ರಾನ್‌ಗಳು ಸಿ3 ಮೂಲಕ ಒಳಕ್ಕೆ ಮರಳುತ್ತವೆ, ಪ್ರೋಟಾನ್‌ಗಳು ಹೊರಗೇ ಉಳಿಯುತ್ತವೆ. ಹೊರಗೆ ಜಮೆಯಾದ ಆ ಪ್ರೋಟಾನ್‌ಗಳು ಒಳನುಗ್ಗುವ ಒತ್ತಡದಿಂದ ಎಟಿಪಿ ತಯಾರಾಗುತ್ತದೆ.

ಸೊಗಸಾದ ಊಹೆಗಳನ್ನು ಪರೀಕ್ಷೆಗೆ ಒಡ್ಡಲೇಬೇಕು. ಹೈಡ್ರೋಜಿನೇಸ್ ಇಲ್ಲದ, ಸಿ3 ಇಲ್ಲದ ಬ್ಯಾಕ್ಟೀರಿಯಾ ಸಾಯುತ್ತದೆಯೇ? ಇಲ್ಲಿ ಕೈಗೆ ಬರುವುದು ಡೀಸಲ್ಫೋವಿಬ್ರಿಯೊ ವಲ್ಗ್ಯಾರಿಸ್. ಇಂಗ್ಲೆಂಡಿನ ಕೆಂಟ್‌ನ ಹಿಲ್ಡನ್‌ಬರೋ ಬಳಿಯ ಜೇಡಿಮಣ್ಣಿನಿಂದ 1946ರಲ್ಲಿ ಬೇರ್ಪಡಿಸಿದ ತಳಿ ಇದು. 2004ರಲ್ಲಿ ಇದರ ಜೀನೋಮ್ ಓದಿದಾಗ 35 ಲಕ್ಷಕ್ಕೂ ಹೆಚ್ಚು ಅಕ್ಷರಗಳ ನಡುವೆ ಆರು ಹೈಡ್ರೋಜಿನೇಸ್‌ಗಳ ವಂಶವಾಹಿಗಳು ಸಿಕ್ಕವು: ನಾಲ್ಕು ಹೊರಗೆ ಕೆಲಸ ಮಾಡುವವು, ಎರಡು ಒಳಮುಖದವು. ಯಾವುದು ಯಾವ ಕೆಲಸದ್ದು ಎಂಬುದನ್ನು ಜೀನೋಮ್ ಹೇಳುವುದಿಲ್ಲ. ಅದನ್ನು ತೆಗೆದು ನೋಡಿಯೇ ತಿಳಿಯಬೇಕು.

ತೆಗೆಯುವುದು ಸುಲಭವಲ್ಲ. ಗಾಳಿ ಸೋಕದ, ಕೈಗವಸು ಜೋಡಿಸಿದ ಪೆಟ್ಟಿಗೆಯೊಳಗೆ ಕೆಲಸ. ಮಾಧ್ಯಮದಲ್ಲಿ ಕಬ್ಬಿಣವಿದ್ದರೆ ಬೆಳೆದ ವಸಾಹತುಗಳೆಲ್ಲ ಕಪ್ಪು. ಪ್ರಯೋಗಾಲಯದಲ್ಲಿ ಆಯ್ಕೆಗೆ ಬಳಸುವ ಹಲವು ಪ್ರತಿಜೈವಿಕಗಳಿಗೆ ಇವು ಜಗ್ಗುವುದಿಲ್ಲ. 2009ರಲ್ಲಿ ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದ ಜೂಡಿ ವಾಲ್ ಅವರ ತಂಡ ಒಂದು ಜಾಣ ಉಪಾಯ ಹೂಡಿತು. ಯುಪಿಪಿ ಎಂಬ ವಂಶವಾಹಿ ಇರುವ ಕೋಶಕ್ಕೆ 5-ಫ್ಲೋರೋಯುರಾಸಿಲ್ ವಿಷ, ಇಲ್ಲದ ಕೋಶಕ್ಕೆ ನಿರಪಾಯ. ಮೊದಲು ಅದನ್ನು ತಳಿಯಿಂದ ತೆಗೆದರು. ಆಮೇಲೆ ಅಳಿಸಬೇಕಾದ ವಂಶವಾಹಿಯ ಜಾಗದಲ್ಲಿ ಯುಪಿಪಿ ಇರುವ ತುಣುಕನ್ನು ಕೂರಿಸಿ, ಕೊನೆಗೆ ಆ ತುಣುಕನ್ನೂ ಬಿಡಿಸಿದರು. ಬಿಡಿಸಿಕೊಂಡ ಕೋಶ ಮಾತ್ರ ಔಷಧದಲ್ಲಿ ಬದುಕಿತು. ಗುರುತೇನೂ ಉಳಿಯದ್ದರಿಂದ ಅದೇ ಕೋಶದಲ್ಲಿ ಇನ್ನೊಂದನ್ನು, ಮತ್ತೊಂದನ್ನು ಅಳಿಸುತ್ತ ಹೋಗಬಹುದಾಯಿತು. ಈ ಕ್ಷೇತ್ರಕ್ಕೆ ಜೀನೋಮಿನ ಓದಿಗಿಂತಲೂ ಇದೇ ದೊಡ್ಡ ಕೊಡುಗೆ ಎಂಬುದು ನನ್ನ ಎಣಿಕೆ.

ಕೆಲವು ಉತ್ತರಗಳು ನಿಚ್ಚಳವಾಗಿದ್ದವು. ಕ್ಯುಎಂಓ ಎಂಬ ಪೊರೆಯ ಪ್ರೋಟೀನ್ ಗುಂಪಿನ ವಂಶವಾಹಿಗಳನ್ನು ತೆಗೆದಾಗ ಬ್ಯಾಕ್ಟೀರಿಯಾ ಸಲ್ಫೇಟಿನ ಮೇಲೆ ಬೆಳೆಯಲಿಲ್ಲ, ನಡುವಿನ ಹಂತದ ಸಲ್ಫೈಟ್ ಕೊಟ್ಟಾಗ ಬೆಳೆಯಿತು. ಅಂದರೆ ಎಪಿಎಸ್‌ನಿಂದ ಸಲ್ಫೈಟ್‌ಗೆ ಹೋಗುವ ಹೆಜ್ಜೆಗೆ ಎಲೆಕ್ಟ್ರಾನ್ ತರುವುದು ಅದೇ, ಅದಕ್ಕೆ ಬದಲಿಯಿಲ್ಲ. ಕೊನೆಯ ಹೆಜ್ಜೆಯನ್ನು 2015ರಲ್ಲಿ ಪೋರ್ಚುಗಲ್‌ನ ಇನೆಸ್ ಪಿರೇರಾ ಮತ್ತು ಸಂಗಡಿಗರು ಬಿಡಿಸಿಟ್ಟರು: ಡಿಎಸ್‌ಆರ್‌ಸಿ ಎಂಬ ಚಿಕ್ಕ ಪ್ರೋಟೀನ್ ತನ್ನ ಎರಡು ಗಂಧಕಗಳ ನಡುವೆ ಸಲ್ಫೈಟಿನ ಗಂಧಕವನ್ನು ಹಿಡಿದುಕೊಳ್ಳುತ್ತದೆ. ಆ ಗಂಧಕ ಸಲ್ಫೈಡಾಗಿ ಬಿಡುಗಡೆಯಾಗುವ ಕೆಲಸ ಪೊರೆಯ ಇನ್ನೊಂದು ಪ್ರೋಟೀನ್ ಗುಂಪಿಗೆ ಜೋಡಿಕೊಂಡಿದೆ. ಕಾಣೆಯಾಗಿದ್ದ ಆದಾಯದ ಒಂದು ಬಾಬ್ತು ಅಲ್ಲಿತ್ತು.

ಹೈಡ್ರೋಜಿನೇಸ್‌ಗಳ ಮತ್ತು ಸಿ3ಯ ಕಥೆ ಬೇರೆ. ಇನ್ನೊಂದು ತಳಿಯಲ್ಲಿ ಸಿ3ಯ ವಂಶವಾಹಿಯನ್ನು ಕೆಡಿಸಿದರೂ ಅದು ಲ್ಯಾಕ್ಟೇಟ್ ತಿಂದು, ಸಲ್ಫೇಟ್ ಉಸಿರಾಡಿ ಬೆಳೆಯಿತು. ಹಿಲ್ಡನ್‌ಬರೋ ತಳಿಯಲ್ಲಿ ಹೈಡ್ರೋಜಿನೇಸ್ ಒಂದೊಂದನ್ನೇ ತೆಗೆದಾಗಲೂ ಅಷ್ಟೆ. ಜಲಜನಕದ ಆವರ್ತನ ಸುಳ್ಳಲ್ಲ, ಆದರೆ ಅದು ಹಲವು ದಾರಿಗಳಲ್ಲಿ ಒಂದು. ಹಾಗಾದರೆ ಇಷ್ಟೊಂದು ಕಿಣ್ವಗಳನ್ನು ಸಾಕುವುದೇಕೆ?

2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸಲ್ಫೇಟ್ ಇಲ್ಲದ ಕಡೆ ಹಿಲ್ಡನ್‌ಬರೋ ತಳಿಯನ್ನು ಬೆಳೆಸಿ ನೋಡಿದರು. ಅಲ್ಲಿ ಅದು ಮೀಥೇನ್ ತಯಾರಿಸುವ ಸೂಕ್ಷ್ಮಜೀವಿಯ ಜೊತೆ ಬಾಳುತ್ತದೆ: ತಾನು ಜಲಜನಕ ಬಿಡುತ್ತದೆ, ಜೊತೆಗಾರ ಅದನ್ನು ತಕ್ಷಣ ಬಳಸಿ ಮುಗಿಸುತ್ತದೆ. ಈ ಬಾಳಿನಲ್ಲಿ ಸಿಓಓ ಎಂಬ ಒಳಮುಖದ ಹೈಡ್ರೋಜಿನೇಸ್ ಇಲ್ಲದ ಕೋಶಗಳು ತೀರಾ ಸೊರಗಿದವು. ಅದೇ ಕೋಶಗಳಿಗೆ ಸಲ್ಫೇಟ್ ಕೊಟ್ಟಾಗ ಕೊರತೆ ಕಾಣಲೇ ಇಲ್ಲ. ಇದಕ್ಕೆ ವಿರುದ್ಧ ದಿಕ್ಕಿನ ಸಾಕ್ಷ್ಯವೂ ಬಂತು. ಸಲ್ಫೇಟ್ ಕೊಡದೆ ಈ ಜೋಡಿಯನ್ನು 1000 ತಲೆಮಾರುಗಳವರೆಗೆ ಪ್ರಯೋಗಾಲಯದಲ್ಲಿ ಬೆಳೆಸಿದಾಗ, ಹಲವು ಸಾಲುಗಳಲ್ಲಿ ಡೀಸಲ್ಫೋವಿಬ್ರಿಯೊ ಸಲ್ಫೇಟ್ ಉಸಿರಾಡುವ ಶಕ್ತಿಯನ್ನೇ ಕಳೆದುಕೊಂಡಿತು. ಆ ಉಸಿರಾಟಕ್ಕೆ ಬೇಕಾದ ವಂಶವಾಹಿಗಳಲ್ಲೇ ರೂಪಾಂತರಗಳು ಸೇರಿಕೊಂಡಿದ್ದವು. ಅದರ ಹೆಸರಿನಲ್ಲೇ ಇರುವ ಕಸುಬು ಹೋದರೂ ಜೊತೆಗಾರನೊಂದಿಗೆ ಅದು ಚೆನ್ನಾಗಿಯೇ ಬೆಳೆಯುತ್ತಿತ್ತು.