ಗೀಸರ್ ಕೆಟ್ಟರೆ ದುಡ್ಡು ಯಾರದ್ದು?

ಬೆಂಗಳೂರಿನ ಬಾಡಿಗೆ ಮನೆ. ಬೆಳಿಗ್ಗೆ ಆರಕ್ಕೇ ಗೀಸರ್ ಕೈಕೊಟ್ಟಿದೆ. ಓನರ್‌ಗೆ ಫೋನ್ ಮಾಡಿದ್ರೆ, "ಬಳಸೋರು ನೀವು, ನೀವೇ ಮಾಡಿಸ್ಕೊಳ್ಳಿ" ಅಂತಾರೆ. ಇದು ಸರಿನಾ?

ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ತೆಗೆದು ನೋಡಿದ್ರೆ, ಅಯ್ಯೋ, ಓನರ್ ಮಾತೇ ಸರಿ! ಸುಣ್ಣಬಣ್ಣ, ಪೈಪು, ವೈರಿಂಗ್ ಮಾಲೀಕರ ಪಾಲು. ನಲ್ಲಿ ವಾಷರ್, ಸ್ವಿಚ್ಚು, ಗೀಸರ್ ರಿಪೇರಿ ಬಾಡಿಗೆದಾರರ ಪಾಲು. ಆದ್ರೆ ಅದು ಬರೀ ಮಾದರಿ. ರಾಜ್ಯ ಕಾನೂನು ಮಾಡಿದ್ರಷ್ಟೇ ಜಾರಿ. ಕರಾರಿನಲ್ಲಿ ಬೇರೆ ಥರ ಬರ್ಕೊಳ್ಳೋಕೂ ಅದರಲ್ಲಿ ಅವಕಾಶ ಇದೆ.

ಬೋರ್‌ವೆಲ್‌ನ ಗಡಸು ನೀರಿಗೆ ವರ್ಷಗಟ್ಟಲೆ ಬಿಳಿ ಪದರ ಕಟ್ಟಿದ ಕಾಯಿಲ್ ಸುಟ್ಟುಹೋದ್ರೆ, ಮೊನ್ನೆ ಬಂದ ಬಾಡಿಗೆದಾರರ ತಲೆಗೆ ಕಟ್ಟೋದು ನನ್ನ ಪ್ರಕಾರ ಅನ್ಯಾಯ.

ಅಡ್ವಾನ್ಸ್ ಕೊಡೋ ಮುಂಚೆ ಗೀಸರ್, ಫ್ಯಾನ್, ಚಿಮ್ನಿ ಎಲ್ಲ ಆನ್ ಮಾಡಿ ವಿಡಿಯೊ ತೆಗೆದಿಡಿ. ರಿಪೇರಿ ಯಾರ ಲೆಕ್ಕ ಅಂತ ಕರಾರಿನಲ್ಲಿ ಒಂದು ಸಾಲು ಬರೆಸಿಬಿಡಿ.